ಪಾರ್ಕ್ ಹಾಪರ್: ನಾಲ್ಕು ಗೇಟಿನ ಟಿಕೆಟ್ ಯಾರಿಗೆ ವಸೂಲಾಗುತ್ತದೆ?

ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಟಿಕೆಟ್ ಕೊಳ್ಳಲು ಕೂತಾಗ ದಿನಾಂಕ, ಎಷ್ಟು ದಿನ, ಎಷ್ಟು ಜನ ಎಲ್ಲ ತುಂಬಿದ ಮೇಲೆ ಒಂದು ಪ್ರಶ್ನೆ ಎದುರಾಗುತ್ತದೆ: ಪಾರ್ಕ್ ಹಾಪರ್ ಸೇರಿಸಬೇಕೇ? ಬೇಸ್ ಟಿಕೆಟ್ಟಿನಲ್ಲಿ ದಿನಕ್ಕೆ ಒಂದೇ ಪಾರ್ಕ್. ಹಾಪರ್ ಇದ್ದರೆ ಮ್ಯಾಜಿಕ್ ಕಿಂಗ್ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್ಡಮ್ ನಾಲ್ಕರಲ್ಲಿ ಒಂದೇ ದಿನ ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಹುದು. ಬಿಡದಿಯ ವಂಡರ್‌ಲಾ ನೋಡಿ ರೂಢಿಯಾದವರಿಗೆ ಈ ಪ್ರಶ್ನೆಯೇ ಹೊಸದು. ಅಲ್ಲಿ ಒಂದು ಗೇಟು, ಒಂದು ಟಿಕೆಟು, ನೀರಾಟವೂ ಅದರಲ್ಲೇ. ಡಿಸ್ನಿ ವರ್ಲ್ಡ್ ಇರುವ ಒರ್ಲಾಂಡೊದಲ್ಲಿ ಗೇಟುಗಳು ನಾಲ್ಕು, ಮೈಲಿಗಟ್ಟಲೆ ದೂರ ದೂರ, ವಾಟರ್ ಪಾರ್ಕುಗಳ ಲೆಕ್ಕ ಬೇರೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಮೊದಲ ಸಲ ಹೋಗುವ, ನಾಲ್ಕು ದಿನವೋ ಹೆಚ್ಚೋ ಕೈಯಲ್ಲಿರುವ, ಸಣ್ಣ ಮಕ್ಕಳಿರುವ ಮನೆಗೆ ಹಾಪರ್ ಬೇಡ. ಮೂರೇ ದಿನದಲ್ಲಿ ನಾಲ್ಕೂ ಪಾರ್ಕ್ ಮುಟ್ಟಬೇಕೆನ್ನುವವರಿಗೆ, ಎಪ್ಕಾಟ್ ಪಕ್ಕದ ಹೋಟೆಲಿನಲ್ಲಿ ಇಳಿದವರಿಗೆ, ಹದಿಹರೆಯದ ಮಕ್ಕಳಿರುವವರಿಗೆ, ಹ್ಯಾಲೋವೀನ್ ಮತ್ತು ಕ್ರಿಸ್‌ಮಸ್ ಪಾರ್ಟಿಗಳ ಕಾಲದಲ್ಲಿ ಹೋಗುವವರಿಗೆ ಬೇಕು. ಒಂದು ದಿನಕ್ಕಷ್ಟೇ ಹೋಗುವವರಿಗಂತೂ ಮೂಗಿಗಿಂತ ಮೂಗುತಿ ಭಾರ.

ದುಡ್ಡಿನ ಲೆಕ್ಕ

ಡಿಸ್ನಿ ಟಿಕೆಟ್ಟಿನ ಬೆಲೆ 2018ರಿಂದ ದಿನಾಂಕದ ಮೇಲೆ ಏರಿಳಿಯುತ್ತದೆ. 2025ರ ಕ್ರಿಸ್‌ಮಸ್ ಹೊತ್ತಿಗೆ ಮ್ಯಾಜಿಕ್ ಕಿಂಗ್ಡಮ್‌ನ ಒಂದು ದಿನದ ಟಿಕೆಟ್ 199 ಡಾಲರ್ ಮುಟ್ಟಿತ್ತು. ಅದರ ಮೇಲೆ ಶೇ. 6.5 ತೆರಿಗೆ. ಮೂರು ವರ್ಷ ತುಂಬದ ಕೂಸಿಗೆ ಟಿಕೆಟ್ ಇಲ್ಲ. 3ರಿಂದ 9 ವರ್ಷದವರೆಗೆ ಮಕ್ಕಳ ದರ, ಆದರೆ 'ಅರ್ಧ ಟಿಕೆಟ್' ಎಂದುಕೊಂಡು ಹೋದರೆ ನಿರಾಸೆ. ದೊಡ್ಡವರ ದರಕ್ಕಿಂತ ಕೆಲವೇ ಡಾಲರ್ ಕಡಿಮೆ. ಹತ್ತಾದರೆ ಪೂರ್ತಿ ದರ.

ಹಾಪರ್‌ನ ಗುಟ್ಟು ಇಲ್ಲಿದೆ: ಅದರ ಬೆಲೆ ದಿನಗಳ ಸಂಖ್ಯೆಗೆ ತಕ್ಕಂತೆ ಬೆಳೆಯುವುದಿಲ್ಲ. ಟಿಕೆಟ್ ಎರಡು ದಿನದ್ದಿರಲಿ, ಆರು ದಿನದ್ದಿರಲಿ, ತಲೆಗೆ ಹೆಚ್ಚುಕಡಿಮೆ ಒಂದೇ ಗಂಟು ಮೊತ್ತ. ದಿನ ಹೆಚ್ಚಾದಂತೆ ಅದು ತೆಳ್ಳಗೆ ಹರಡುತ್ತದೆ. ಆದರೆ ದಿನಕ್ಕೆಷ್ಟು ಬಿತ್ತು ಎಂದು ಭಾಗಿಸುವುದೇ ತಪ್ಪು ಲೆಕ್ಕ. ಭಾಗಿಸಬೇಕಾದ್ದು ನಿಜವಾಗಿ ಎಷ್ಟು ಸಲ ಪಾರ್ಕ್ ಬದಲಿಸುತ್ತೀರೋ ಆ ಸಂಖ್ಯೆಯಿಂದ. ಲೆಕ್ಕಕ್ಕೆ ತಲೆಗೆ 90 ಡಾಲರ್ ಎಂದಿಟ್ಟುಕೊಳ್ಳಿ. ನಾಲ್ಕು ಜನಕ್ಕೆ 360, ತೆರಿಗೆ ಸೇರಿ 383. ಐದು ದಿನದಲ್ಲಿ ಎರಡು ಸಲ ಹಾರಿದರೆ ಒಂದೊಂದು ಹಾರಾಟಕ್ಕೆ 190 ಡಾಲರ್ ಮೇಲೆ ಬಿತ್ತು. ನಾಲ್ಕು ಸಲ ಹಾರಿದರೆ 96. ಸಣ್ಣ ಮಕ್ಕಳನ್ನು ಕಟ್ಟಿಕೊಂಡು ನಾಲ್ಕು ಸಲ ಹಾರುವವರು ಅಪರೂಪ.

ಇದರ ಪಕ್ಕದಲ್ಲೇ ಇನ್ನೊಂದು ಅಂಕಿ ಇಟ್ಟು ನೋಡಬೇಕು. ಬಹಳ ದಿನಾಂಕಗಳಲ್ಲಿ ನಾಲ್ಕು ದಿನದ ಬೇಸ್ ಟಿಕೆಟ್ಟನ್ನು ಐದು ದಿನಕ್ಕೆ ಏರಿಸುವ ಖರ್ಚು, ಹಾಪರ್ ಸೇರಿಸುವ ಖರ್ಚಿಗಿಂತ ಕಡಿಮೆ. ಹೋಟೆಲ್ ರಾತ್ರಿ ಹೇಗೂ ಬುಕ್ ಆಗಿದ್ದರೆ ಅದೇ ದುಡ್ಡಿಗೆ ಇಡೀ ಒಂದು ದಿನ ಸಿಗುತ್ತದೆ, ಓಡಾಟವಿಲ್ಲದೆ. ನಾಲ್ಕು ದಿನದ ಟಿಕೆಟ್ಟನ್ನು ಏಳು ದಿನದ ಒಳಗೆ, ಐದು ದಿನದ್ದನ್ನು ಎಂಟು ದಿನದ ಒಳಗೆ ಬಳಸಿದರೆ ಸಾಕು, ಆದ್ದರಿಂದ ನಡುವೆ ಒಂದು ದಿನ ಈಜುಕೊಳದಲ್ಲಿ ಕಳೆದರೂ ನಷ್ಟವಿಲ್ಲ. ಬೆಂಗಳೂರಿನಿಂದ ಬಂದಿಳಿದವರಿಗೆ ಈ ಬಿಡುವು ಬಹಳ ಮುಖ್ಯ. ಒಂಬತ್ತೂವರೆ, ಹತ್ತೂವರೆ ಗಂಟೆಯ ವ್ಯತ್ಯಾಸದಲ್ಲಿ ಮೊದಲ ಎರಡು ದಿನ ಮಕ್ಕಳು ಮಧ್ಯಾಹ್ನವೇ ತೂಕಡಿಸುತ್ತವೆ.

ಹಾರುವುದೆಂದರೆ ಎಷ್ಟು ಹೊತ್ತು?

ಜಾಹೀರಾತಿನಲ್ಲಿ ಹಾಪ್ ಎಂದರೆ ಕುಪ್ಪಳಿಸಿದಷ್ಟು ಸುಲಭ. ಡಿಸ್ನಿ ವರ್ಲ್ಡ್ ಇರುವುದು ಸುಮಾರು 25,000 ಎಕರೆಯಲ್ಲಿ. ಪಾರ್ಕಿನ ಒಳಗಿನಿಂದ ಗೇಟಿಗೆ ನಡೆಯುವುದು, ವಾಹನಕ್ಕೆ ಕಾಯುವುದು, ಪ್ರಯಾಣ, ಮತ್ತೆ ಬ್ಯಾಗ್ ತಪಾಸಣೆ, ಮತ್ತೆ ಟಿಕೆಟ್ ಸ್ಕ್ಯಾನ್, ನಡುವೆ ಮಗುವಿಗೆ ಬಾತ್‌ರೂಮು. ರೈಡಿನಿಂದ ರೈಡಿಗೆ ಒಂದು ಗಂಟೆ ಹಿಡಿಯಿರಿ. ಅನಿಮಲ್ ಕಿಂಗ್ಡಮ್ ಸೇರಿಕೊಂಡರೆ ಒಂದೂವರೆ ಗಂಟೆಯಾದರೂ ಅಚ್ಚರಿಯಿಲ್ಲ.

ಎಲ್ಲ ಜೋಡಿಗಳೂ ಒಂದೇ ಅಲ್ಲ. ಎಪ್ಕಾಟ್ ಮತ್ತು ಹಾಲಿವುಡ್ ಸ್ಟುಡಿಯೋಸ್ ಜೋಡಿ ಹಾಪರ್‌ಗೆ ಹೇಳಿ ಮಾಡಿಸಿದ್ದು. ಎಪ್ಕಾಟ್‌ನ ಹಿಂಬಾಗಿಲು ಇಂಟರ್‌ನ್ಯಾಷನಲ್ ಗೇಟ್‌ವೇ, ಬ್ರಿಟನ್ ಮತ್ತು ಫ್ರಾನ್ಸ್ ಪೆವಿಲಿಯನ್‌ಗಳ (ಆ ದೇಶಗಳ ಮಾದರಿಯ ಕಟ್ಟಡಗಳ) ನಡುವೆ ಇದೆ. ಅಲ್ಲಿಂದ ಸ್ಕೈಲೈನರ್ ಎಂಬ ತೂಗುತೊಟ್ಟಿಲ ಗಾಡಿ ಹತ್ತಿ, ಕೆರಿಬಿಯನ್ ಬೀಚ್ ನಿಲ್ದಾಣದಲ್ಲಿ ಬದಲಿಸಿದರೆ ಹಾಲಿವುಡ್ ಸ್ಟುಡಿಯೋಸ್ ಮುಂದೆ ಇಳಿಯಬಹುದು. ಕಾಲುವೆಯಲ್ಲಿ ದೋಣಿಯೂ ಇದೆ. ಕಾಲುವೆ ದಂಡೆಯ ಮೇಲೆ ನಡೆದೂ ಹೋಗಬಹುದು, ಅರ್ಧ ಗಂಟೆಯೊಳಗಿನ ದಾರಿ. ಬೋರ್ಡ್‌ವಾಕ್, ಬೀಚ್ ಕ್ಲಬ್, ಯಾಟ್ ಕ್ಲಬ್, ಸ್ವಾನ್, ಡಾಲ್ಫಿನ್ ಹೋಟೆಲುಗಳು ಈ ಎರಡರ ನಡುವೆಯೇ ಇವೆ. ಪಾಪ್ ಸೆಂಚುರಿ, ಆರ್ಟ್ ಆಫ್ ಅನಿಮೇಷನ್‌ನಂಥ ಅಗ್ಗದ ಹೋಟೆಲುಗಳಿಗೂ ಸ್ಕೈಲೈನರ್ ಇದೆ. ಈ ಹೋಟೆಲುಗಳಲ್ಲಿ ಇಳಿದವರಿಗೆ ಸಂಜೆ ಊಟಕ್ಕೆಂದು ಎಪ್ಕಾಟ್‌ಗೆ ಹೋಗಿಬರುವುದು ಪಕ್ಕದ ಬೀದಿಗೆ ಹೋಗಿಬಂದಂತೆ.

ಮ್ಯಾಜಿಕ್ ಕಿಂಗ್ಡಮ್–ಎಪ್ಕಾಟ್ ನಡುವೆ ಮಾನೋರೈಲ್ ಇದೆ, ಆದರೆ ನೇರವಲ್ಲ. ಟ್ರಾನ್ಸ್‌ಪೋರ್ಟೇಷನ್ ಆ್ಯಂಡ್ ಟಿಕೆಟ್ ಸೆಂಟರ್‌ನಲ್ಲಿ ಇಳಿದು ಇನ್ನೊಂದು ಹತ್ತಬೇಕು. ಅನಿಮಲ್ ಕಿಂಗ್ಡಮ್‌ಗೆ ಬಸ್ಸು ಇಲ್ಲವೇ ಕಾರು, ಬೇರೆ ದಾರಿಯಿಲ್ಲ. ಸ್ವಂತ ಕಾರಿನಲ್ಲಿ ಬಂದವರು ಪಾರ್ಕಿಂಗ್‌ಗೆ ಮತ್ತೆ ದುಡ್ಡು ಕೊಡಬೇಕಿಲ್ಲ; ಬೆಳಿಗ್ಗೆ ಕೊಟ್ಟ ರಸೀದಿ ಆ ದಿನ ನಾಲ್ಕೂ ಪಾರ್ಕಿಗೆ ನಡೆಯುತ್ತದೆ, ಜೋಪಾನ ಮಾಡಿ. ಕಾರನ್ನು ಒಂದು ಪಾರ್ಕಿನಲ್ಲಿ ಬಿಟ್ಟು ರಾತ್ರಿ ಇನ್ನೊಂದರಲ್ಲಿ ಮುಗಿಸಿದರೆ, ಹನ್ನೊಂದು ಗಂಟೆಗೆ ಮಲಗಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಸ್ಸಿಗೆ ಕಾಯಬೇಕಾಗುತ್ತದೆ. ಹಾರುವ ದಿನ ಕಾರನ್ನೂ ಜೊತೆಗೇ ಒಯ್ಯುವುದು ಒಳ್ಳೆಯದು.

ಹಾಪರ್ ಅಸಲಿಗೆ ಎಲ್ಲಿ ದುಡಿಯುತ್ತದೆ

ಮೊದಲನೆಯದು ಅನಿಮಲ್ ಕಿಂಗ್ಡಮ್. 1998ರಲ್ಲಿ ತೆರೆದ ಈ ಪಾರ್ಕ್ ಉಳಿದ ಮೂರಕ್ಕಿಂತ ಬೇಗ ತೆರೆಯುತ್ತದೆ, ಬೇಗ ಮುಚ್ಚುತ್ತದೆ. ವರ್ಷದ ಬಹುಪಾಲು ಸಂಜೆ ಆರೋ ಏಳೋ ಗಂಟೆಗೆ ಮುಗಿಯುತ್ತದೆ. ರಾತ್ರಿಯ ದೊಡ್ಡ ಸಿಡಿಮದ್ದು ಪ್ರದರ್ಶನವೂ ಇಲ್ಲ, ಪ್ರಾಣಿಗಳಿರುವ ಜಾಗ. ಸಾಲದ್ದಕ್ಕೆ 2025ರಿಂದ ಡೈನೋಲ್ಯಾಂಡ್ ಭಾಗವನ್ನು ಹಂತ ಹಂತವಾಗಿ ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಅಂದರೆ ಬೇಸ್ ಟಿಕೆಟ್ಟಿನಲ್ಲಿ ಇಲ್ಲಿಗೊಂದು ದಿನ ಇಟ್ಟರೆ ಸಂಜೆಯೆಲ್ಲ ಖಾಲಿ.

ಹಾಪರ್ ಇದ್ದಾಗ ಈ ದಿನ ಹೀಗೆ ಕೂಡಿಬರುತ್ತದೆ. ಡಿಸ್ನಿ ಹೋಟೆಲಿನವರಿಗೆ ಅರ್ಧ ಗಂಟೆ ಮುಂಚೆ ಪ್ರವೇಶವಿದೆ. ಆ ಹೊತ್ತಿಗೆ ಗೇಟಿನಲ್ಲಿದ್ದು ನೇರ 'ಅವತಾರ್' ಚಿತ್ರದ ಪಂಡೋರಾ ಭಾಗಕ್ಕೆ ನಡೆಯಿರಿ, ಫ್ಲೈಟ್ ಆಫ್ ಪ್ಯಾಸೇಜ್ ರೈಡ್ ಮುಗಿಸಿ. ಇದಕ್ಕೆ 44 ಇಂಚು, ಅಂದರೆ 112 ಸೆಂ.ಮೀ. ಎತ್ತರ ಬೇಕು. ಎತ್ತರ ಸಾಲದ ಮಗುವಿದ್ದರೆ ರೈಡರ್ ಸ್ವಿಚ್ ಕೇಳಿ. ಅಪ್ಪ ಹೋಗಿಬಂದ ಮೇಲೆ ಅಮ್ಮ ಮತ್ತೆ ಪೂರ್ತಿ ಸಾಲು ನಿಲ್ಲಬೇಕಿಲ್ಲ. ನಂತರ ಬಿಸಿಲೇರುವ ಮುಂಚೆ ಕಿಲಿಮಂಜಾರೋ ಸಫಾರಿ. ಪ್ರಾಣಿಗಳು ಓಡಾಡುವುದು ತಂಪು ಹೊತ್ತಿನಲ್ಲಿ, ಮಧ್ಯಾಹ್ನ ಹೋದರೆ ನೆರಳಲ್ಲಿ ಮಲಗಿದ ಬೆನ್ನುಗಳಷ್ಟೇ ಕಾಣುತ್ತವೆ. ಎಕ್ಸ್‌ಪೆಡಿಷನ್ ಎವರೆಸ್ಟ್ ರೋಲರ್ ಕೋಸ್ಟರ್, ಒಂದು ಶೋ. ಹನ್ನೊಂದು ಗಂಟೆಗೆಲ್ಲ ಸಾಟುಲಿ ಕ್ಯಾಂಟೀನಿನಲ್ಲಿ ಊಟ. ಸಸ್ಯಾಹಾರಿಗಳಿಗೆ ತೋಫು ಹಾಕಿದ ಅನ್ನದ ಬಟ್ಟಲು ಸಿಗುತ್ತದೆ, ಪಾರ್ಕಿನೊಳಗಿನ ತಿಂಡಿಗಳಲ್ಲಿ ನಮ್ಮ ನಾಲಿಗೆಗೆ ಒಗ್ಗುವುದು ಅದೇ. ಒಂದೂವರೆ ಎರಡಕ್ಕೆ ಹೊರಗೆ.

ಇಲ್ಲಿಂದ ನೇರ ಎಪ್ಕಾಟ್‌ಗೆ ಹೋಗಬೇಡಿ. ಹೋಟೆಲಿಗೆ ಹೋಗಿ. ಮಕ್ಕಳು ಮಲಗಲಿ ಇಲ್ಲವೇ ಈಜಲಿ. ಐದಕ್ಕೆ ಎದ್ದು ಎಪ್ಕಾಟ್. ಹಾಪರ್ ಬಗ್ಗೆ ಹೆಚ್ಚಿನವರು ಗಮನಿಸದ ಸಂಗತಿ ಇದು: ಪಾರ್ಕಿನಿಂದ ಪಾರ್ಕಿಗೆ ಹಾರಿದರೆ ಒಂದು ಗಂಟೆ ದಂಡ, ನಡುವೆ ಹೋಟೆಲ್ ಬಂದರೆ ಆ ದಂಡವೇ ಇಲ್ಲ, ಯಾಕೆಂದರೆ ಹೇಗೂ ಹೊರಗೆ ಬಂದಿದ್ದೀರಿ, ಹೇಗೂ ಮತ್ತೆ ಒಂದು ಗೇಟಿನಲ್ಲಿ ಒಳಹೋಗಬೇಕು. ಆ ಗೇಟು ಯಾವುದಾದರೇನು? ಎಪ್ಕಾಟ್‌ನಲ್ಲಿ ಹನ್ನೊಂದು ದೇಶಗಳ ಪೆವಿಲಿಯನ್ ಸುತ್ತುವುದು, ಊಟ, ಕೆರೆಯ ಮೇಲಿನ ಲ್ಯೂಮಿನಸ್ ಸಿಡಿಮದ್ದು, ಎಲ್ಲವೂ ಸಂಜೆಗೇ ಹೊಂದುವಂಥವು. ಈ ಪೆವಿಲಿಯನ್‌ಗಳಿರುವ ವರ್ಲ್ಡ್ ಶೋಕೇಸ್ ಭಾಗ ತೆರೆಯುವುದೇ ಸಾಮಾನ್ಯವಾಗಿ ಬೆಳಿಗ್ಗೆ 11ಕ್ಕೆ. ಮೂರು ದಿನದವರು ಈ ಜೋಡಿಗೆ ಒಂದು ದಿನ, ಮ್ಯಾಜಿಕ್ ಕಿಂಗ್ಡಮ್‌ಗೆ ಒಂದು, ಹಾಲಿವುಡ್ ಸ್ಟುಡಿಯೋಸ್‌ಗೆ ಒಂದು ಎಂದು ಹಂಚಿಕೊಂಡರೆ ನಾಲ್ಕೂ ಮುಗಿಯುತ್ತವೆ.

ಎರಡನೆಯದು ಪಾರ್ಟಿ ದಿನಗಳು. ಹ್ಯಾಲೋವೀನ್ ಮತ್ತು ಕ್ರಿಸ್‌ಮಸ್ ಕಾಲದಲ್ಲಿ ವಾರಕ್ಕೆ ಹಲವು ರಾತ್ರಿ ಮ್ಯಾಜಿಕ್ ಕಿಂಗ್ಡಮ್‌ನಲ್ಲಿ ಬೇರೆ ಟಿಕೆಟ್ಟಿನ ಪಾರ್ಟಿ ನಡೆಯುತ್ತದೆ. ಆ ದಿನ ಮಾಮೂಲಿ ಟಿಕೆಟ್ಟಿನವರನ್ನು ಸಂಜೆ ಆರಕ್ಕೆ ಹೊರಗೆ ಕಳಿಸುತ್ತಾರೆ. ಸಿಡಿಮದ್ದು ತಪ್ಪುತ್ತದೆಂದು ಜನ ಆ ದಿನ ಬರುವುದನ್ನು ತಪ್ಪಿಸುತ್ತಾರೆ, ಹಾಗಾಗಿ ಹಗಲು ಸಾಲುಗಳು ಕಿರಿದು. ಬೆಳಿಗ್ಗೆ ಅಲ್ಲಿ ರೈಡುಗಳನ್ನು ಮುಗಿಸಿ ಸಂಜೆ ಬೇರೆ ಪಾರ್ಕಿಗೆ ಹೋದರೆ ಎರಡೂ ಕೈಗೆ ಬಂದಂತೆ. ಮ್ಯಾಜಿಕ್ ಕಿಂಗ್ಡಮ್‌ನ ರಾತ್ರಿ ಪ್ರದರ್ಶನವನ್ನು ಪಾರ್ಟಿ ಇಲ್ಲದ ಇನ್ನೊಂದು ರಾತ್ರಿ ಬಂದು ನೋಡಬಹುದು. ಅದಕ್ಕೂ ಹಾಪರ್ ಬೇಕು. ಟಿಕೆಟ್ ಕೊಳ್ಳುವ ಮುನ್ನ ಪಾರ್ಟಿ ಪಟ್ಟಿಯನ್ನು ಕ್ಯಾಲೆಂಡರಿನ ಪಕ್ಕ ಇಟ್ಟುಕೊಳ್ಳಿ. ಬೇಸ್ ಟಿಕೆಟ್ ಹಿಡಿದು ಪಾರ್ಟಿ ದಿನವೇ ಮ್ಯಾಜಿಕ್ ಕಿಂಗ್ಡಮ್‌ಗೆ ಹೋದವರಿಗೆ ಆರು ಗಂಟೆಯ ನಂತರ ಹೋಟೆಲ್ ಕೋಣೆಯೇ ಗತಿ.

ಮೂರನೆಯದು ಮನೆಯೊಳಗಿನ ವಯಸ್ಸಿನ ಅಂತರ. 97 ಸೆಂ.ಮೀ. ಎತ್ತರದ ತಂಗಿಗೆ ಹಾಲಿವುಡ್ ಸ್ಟುಡಿಯೋಸ್‌ನ ಸ್ಲಿಂಕಿ ಡಾಗ್ ಡ್ಯಾಷ್ ಸಾಕು. 122 ದಾಟಿದ ಅಣ್ಣನಿಗೆ ಮ್ಯಾಜಿಕ್ ಕಿಂಗ್ಡಮ್‌ನ ಟ್ರಾನ್ ರೋಲರ್ ಕೋಸ್ಟರ್ ಬೇಕು. ಅಂಥ ಮನೆಗಳಲ್ಲಿ ಎಲ್ಲರಿಗೂ ಹಾಪರ್ ಕೊಳ್ಳಬೇಕೆಂಬ ನಿಯಮವೇನಿಲ್ಲ. ಅಪ್ಪನಿಗೆ, ದೊಡ್ಡ ಮಗನಿಗೆ ಮಾತ್ರ ಹಾಪರ್. ಅಜ್ಜಿ-ತಾತ, ಸಣ್ಣವಳು, ಅಮ್ಮ ಬೇಸ್ ಟಿಕೆಟ್ಟಿನಲ್ಲೇ ಇದ್ದು ಸಂಜೆ ಹೋಟೆಲಿಗೆ. ತೊಡಕೆಂದರೆ, 'ನಾನೂ ಬರ್ತೀನಿ' ಎಂದು ಸಣ್ಣವಳು ಗೇಟಿನಲ್ಲಿ ಅತ್ತರೆ ಸ್ಕ್ಯಾನರ್ ಕರಗುವುದಿಲ್ಲ.

ಎಲ್ಲಿ ಕೆಡುತ್ತದೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗುಮಳೆ ಫ್ಲೋರಿಡಾದ ನಿತ್ಯವಿಧಿ. ಸಿಡಿಲು ಹತ್ತಿರವಿದ್ದರೆ ಹೊರಾಂಗಣದ ರೈಡುಗಳ ಜೊತೆ ಸ್ಕೈಲೈನರ್ ಕೂಡ ನಿಲ್ಲುತ್ತದೆ. ಎಲ್ಲರೂ ಹಾರಲು ಹೊರಡುವುದು ಎರಡು-ಮೂರು ಗಂಟೆಗೆ. ಮಳೆ ಬರುವುದೂ ಅದೇ ಹೊತ್ತಿಗೆ. ಬಸ್ ಸಾಲು ಬೆಳೆಯುತ್ತದೆ. ಬೇಸಿಗೆಯಲ್ಲಿ ಹಾರುವುದಿದ್ದರೆ ಒಂದು ಗಂಟೆಗೇ ಹೊರಡಿ, ಇಲ್ಲವೇ ಮಳೆ ನಿಂತ ಮೇಲೆ.

ಪಾರ್ಕಿನಲ್ಲಿ ಬಾಡಿಗೆಗೆ ಪಡೆದ ಸ್ಟ್ರೋಲರ್ ಗೇಟಿನಾಚೆ ಒಯ್ಯುವಂತಿಲ್ಲ. ಹಿಂದಿರುಗಿಸಿ, ರಸೀದಿ ತೋರಿಸಿ ಎರಡನೇ ಪಾರ್ಕಿನಲ್ಲಿ ಮತ್ತೊಂದು ಪಡೆಯಬೇಕು, ಮತ್ತೆ ದುಡ್ಡಿಲ್ಲ. ಆದರೆ ಬಸ್ಸಿನ ತನಕ ಮಗು ನಿಮ್ಮ ತೋಳಲ್ಲಿ. ವಯಸ್ಸಾದವರ ಬ್ಯಾಟರಿ ಗಾಡಿಗೂ ಇದೇ ಪದ್ಧತಿ, ಒಂದು ಅಪಾಯ ಹೆಚ್ಚು: ಎರಡನೇ ಪಾರ್ಕಿಗೆ ಮಧ್ಯಾಹ್ನ ಹೋಗುವಷ್ಟರಲ್ಲಿ ಗಾಡಿಗಳು ಮುಗಿದಿರಬಹುದು. ಮೊಣಕಾಲು ನೋವಿನ ಅಜ್ಜಿ ಜೊತೆಗಿದ್ದರೆ ಹೊರಗಿನ ಬಾಡಿಗೆಯವರಿಂದ ಹೋಟೆಲಿಗೇ ತರಿಸಿಕೊಳ್ಳುವುದು ಕ್ಷೇಮ.

ಊಟದ ಕಾಯ್ದಿರಿಸುವಿಕೆ 60 ದಿನ ಮೊದಲೇ ತೆರೆಯುತ್ತದೆ. ಬೇಸ್ ಟಿಕೆಟ್ ಇಟ್ಟುಕೊಂಡು ಬೆಳಿಗ್ಗೆ ಒಂದು ಪಾರ್ಕ್, ರಾತ್ರಿ ಊಟ ಇನ್ನೊಂದು ಪಾರ್ಕಿನಲ್ಲಿ ಎಂದು ಬುಕ್ ಮಾಡಿ ಗೇಟಿನಲ್ಲಿ ನಿಂತುಬಿಡುವವರಿದ್ದಾರೆ. ಹೋಗದಿದ್ದರೆ ಹೆಚ್ಚಿನ ಕಡೆ ತಲೆಗೆ 10 ಡಾಲರ್ ದಂಡ.

ಇನ್ನು ಲೈಟ್ನಿಂಗ್ ಲೇನ್, ಅಂದರೆ ಬೇರೆ ದುಡ್ಡು ಕೊಟ್ಟು ಚಿಕ್ಕ ಸಾಲಿನಲ್ಲಿ ರೈಡ್ ಹತ್ತುವ ವ್ಯವಸ್ಥೆ. 2024ರ ಜುಲೈನಿಂದ ಬಂದ ಮಲ್ಟಿ ಪಾಸ್‌ನಲ್ಲಿ ಮೊದಲ ಮೂರು ರೈಡುಗಳನ್ನು ಒಂದೇ ಪಾರ್ಕಿನಲ್ಲಿ ಆರಿಸಬೇಕು; ಡಿಸ್ನಿ ಹೋಟೆಲಿನವರು ಏಳು ದಿನ ಮೊದಲು, ಹೊರಗಿನವರು ಮೂರು ದಿನ ಮೊದಲು, ಅಲ್ಲಿನ ಬೆಳಿಗ್ಗೆ 7 ಗಂಟೆಗೆ. ಒಂದನ್ನು ಬಳಸಿದ ಮೇಲೆ ಹಾಪರ್ ಇರುವವರು ಮುಂದಿನದನ್ನು ಬೇರೆ ಪಾರ್ಕಿನಲ್ಲಿ ಹಿಡಿಯಬಹುದು. ದರ ಮೊದಲು ಆರಿಸಿದ ಪಾರ್ಕಿನದು, ಆದ್ದರಿಂದ ಅನಿಮಲ್ ಕಿಂಗ್ಡಮ್‌ನಲ್ಲಿ ಶುರುಮಾಡಿ ಮ್ಯಾಜಿಕ್ ಕಿಂಗ್ಡಮ್‌ನಲ್ಲಿ ಮುಂದುವರಿಸಿದರೆ ಕಡಿಮೆ ದುಡ್ಡಿಗೆ ಎರಡೂ ಎಂಬ ಜಾಣತನ ಚಾಲ್ತಿಯಲ್ಲಿದೆ. ನಡೆಯುತ್ತದೆ, ಆದರೆ ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಉಳಿದಿರುವುದು ಯಾರಿಗೂ ಬೇಡವಾದ ಚೂರುಪಾರು. ಇದನ್ನೇ ನಂಬಿ ಹಾಪರ್ ಕೊಳ್ಳಬೇಡಿ.

ಕೊಳ್ಳುವ ಕ್ರಮ

ಸಂಶಯವಿದ್ದರೆ ಬೇಸ್ ಟಿಕೆಟ್ ಕೊಳ್ಳಿ. ಬೇಕೆನಿಸಿದರೆ ಆ್ಯಪಿನಲ್ಲೋ ಗೇಟಿನ ಪಕ್ಕದ ಗೆಸ್ಟ್ ರಿಲೇಷನ್ಸ್ ಕೌಂಟರಿನಲ್ಲೋ ವ್ಯತ್ಯಾಸ ಕಟ್ಟಿ ಹಾಪರ್ ಸೇರಿಸಬಹುದು. ಒಮ್ಮೆ ಸೇರಿಸಿದ್ದನ್ನು ಬಳಸತೊಡಗಿದ ಮೇಲೆ ತೆಗೆಸುವ ದಾರಿಯಿಲ್ಲ. 'ಇವತ್ತೊಂದು ದಿನಕ್ಕೆ ಹಾಪರ್' ಎಂಬುದು ಇಲ್ಲ. ಮೂರು ದಿನ ಕಳೆದು ನಾಲ್ಕನೇ ದಿನ ಕೇಳಿದರೂ ಪೂರ್ತಿ ಟಿಕೆಟ್ಟಿನ ಹಾಪರ್ ದರ. ಆದ್ದರಿಂದ ಎರಡನೇ ದಿನದ ರಾತ್ರಿಯೊಳಗೆ ತೀರ್ಮಾನಿಸಿ. ಅಷ್ಟರಲ್ಲಿ ಮಕ್ಕಳ ಕಾಲು ಎಷ್ಟು ತಾಳುತ್ತವೆ ಎಂಬುದು ತಿಳಿದಿರುತ್ತದೆ. ಮಧ್ಯಾಹ್ನ ಎರಡು ಗಂಟೆಯ ನಂತರವೇ ಹಾರಬೇಕೆಂದಿದ್ದ ಕಟ್ಟಳೆ 2024ರ ಜನವರಿ 9ರಿಂದ ಇಲ್ಲ. ಹಳೆಯ ವಿಡಿಯೋ ನೋಡಿ ಗಾಬರಿಯಾಗಬೇಡಿ. ಯಾರೋ ಎರಡು ದಿನ ಬಳಸಿ ಉಳಿಸಿದ ಟಿಕೆಟ್ ಅಗ್ಗಕ್ಕೆ ಸಿಕ್ಕರೆ ಮುಟ್ಟಬೇಡಿ. ಟಿಕೆಟ್ ಒಬ್ಬರಿಂದ ಒಬ್ಬರಿಗೆ ವರ್ಗವಾಗುವುದಿಲ್ಲ, ಗೇಟಿನಲ್ಲಿ ಬೆರಳು ಒತ್ತಿಸುತ್ತಾರೆ.

ಇದೇ ಹೆಸರಿನ ಟಿಕೆಟ್ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲೂ ಇದೆ, ಆದರೆ ಅದು ಬೇರೆಯೇ ಸರಕು. 1955ರ ಡಿಸ್ನಿಲ್ಯಾಂಡ್ ಮತ್ತು 2001ರ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಗೇಟುಗಳು ಎದುರುಬದುರು, ನಡುವೆ ಒಂದು ಅಂಗಳವಷ್ಟೇ. ಬಸ್ಸಿಲ್ಲ, ರೈಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಿಂದ ಕಾರು ಹತ್ತಿ ಎರಡು ದಿನಕ್ಕೆ ಬರುವ ಮನೆಗಳಿಗೆ ಅಲ್ಲಿ ಹಾಪರ್ ಸಲೀಸಾಗಿ ವಸೂಲಾಗುತ್ತದೆ. ಒರ್ಲಾಂಡೊದ ಲೆಕ್ಕವನ್ನು ಅಲ್ಲಿಗೆ ಹಚ್ಚಬೇಡಿ.

ಒರ್ಲಾಂಡೊದಲ್ಲೇ ಇರುವ ಯೂನಿವರ್ಸಲ್‌ನ ಪಾರ್ಕ್-ಟು-ಪಾರ್ಕ್ ಟಿಕೆಟ್ ಈ ಎರಡರ ನಡುವಿನದು. ಯೂನಿವರ್ಸಲ್ ಸ್ಟುಡಿಯೋಸ್ ಮತ್ತು ಐಲ್ಯಾಂಡ್ಸ್ ಆಫ್ ಅಡ್ವೆಂಚರ್ ನಡುವೆ ಕೆಲವೇ ನಿಮಿಷದ ನಡಿಗೆ. ಆದರೆ 2025ರ ಮೇ 22ರಂದು ತೆರೆದ ಎಪಿಕ್ ಯೂನಿವರ್ಸ್ ಕೆಲವು ಮೈಲಿ ಆಚೆ, ಬಸ್ಸಿನಲ್ಲೋ ಕಾರಿನಲ್ಲೋ ಹೋಗಬೇಕು. ಅದಕ್ಕೆ ಒಂದಿಡೀ ದಿನ ತೆಗೆದಿಡಿ, ಹಾರುವ ಯೋಚನೆ ಬೇಡ. ಟಿಕೆಟ್ಟಿನಲ್ಲಿ ಎಪಿಕ್‌ಗೆ ಎಷ್ಟು ದಿನ ಎಂದು ನಮೂದಾಗಿದೆಯೋ ಓದಿಕೊಂಡೇ ದುಡ್ಡು ಕೊಡಿ. ಮೊದಲಿನ ಎರಡು ಪಾರ್ಕುಗಳಲ್ಲಿ ಹ್ಯಾರಿ ಪಾಟರ್ ಹುಚ್ಚಿನ ಮಕ್ಕಳಿದ್ದರೆ ಮಾತ್ರ ಚರ್ಚೆಗೆ ಜಾಗವಿಲ್ಲ: ಹಾಗ್ವರ್ಟ್ಸ್ ಎಕ್ಸ್‌ಪ್ರೆಸ್ ರೈಲು ಒಂದು ಪಾರ್ಕಿನಲ್ಲಿ ಹತ್ತಿಸಿ ಇನ್ನೊಂದರಲ್ಲಿ ಇಳಿಸುತ್ತದೆ, ಪಾರ್ಕ್-ಟು-ಪಾರ್ಕ್ ಇಲ್ಲದವರನ್ನು ನಿಲ್ದಾಣದಲ್ಲೇ ತಡೆಯುತ್ತಾರೆ. ಹೋಗುವಾಗ ಕಿಟಕಿಯಲ್ಲಿ ಕಾಣುವುದೇ ಬೇರೆ, ಬರುವಾಗ ಕಾಣುವುದೇ ಬೇರೆ, ಹಾಗಾಗಿ ಎರಡೂ ಕಡೆಯಿಂದ ಒಂದೊಂದು ಸಲ ಹತ್ತಿಸಿ. ಮೂರನೇ ಸಲಕ್ಕೆ ಸಾಲು ದೊಡ್ಡದಿದ್ದರೆ ನಡೆದೇ ಹೋಗಿ, ರೈಲಿಗಿಂತ ಬೇಗ ತಲುಪುತ್ತೀರಿ.